ಮಡಿವಾಳೆಪ್ಪನ ಕೆಂಪು ದೀಪ

ಮೊರಬದ ಹತ್ತಿ ವ್ಯಾಪಾರಿ ಮಡಿವಾಳೆಪ್ಪನ ಕಾರಿನ ಹಿಂದಿನ ಎರಡು ಕೆಂಪು ದೀಪಗಳು ಎಂಟು ದಿನದಿಂದ ಆರಿರಲಿಲ್ಲ. ಬ್ರೇಕು ಒತ್ತಿದರೂ ಉರಿಯುತ್ತಿದ್ದವು, ಬಿಟ್ಟರೂ ಉರಿಯುತ್ತಿದ್ದವು, ಕೀಲಿ ತೆಗೆದು ಕಿಸೆಗೆ ಹಾಕಿಕೊಂಡು ಊಟಕ್ಕೆ ಕೂತರೂ ಉರಿಯುತ್ತಲೇ ಇದ್ದವು. ಹಾಗೇ ಬಿಟ್ಟರೆ ಬೆಳಗಾಗುವುದರೊಳಗೆ ಬ್ಯಾಟರಿ ಸತ್ತುಹೋಗುತ್ತದೆ. ಅದಕ್ಕಾಗಿ ಮಲಗುವ ಮುಂಚೆ ಬಾನೆಟ್ ಎತ್ತಿ ಬ್ಯಾಟರಿಯ ವೈರು ಬಿಚ್ಚುವುದು ಅವನಿಗೆ ಬಾಗಿಲಿಗೆ ಅಗಳಿ ಹಾಕಿದಷ್ಟೇ ರೂಢಿಯಾಗಿತ್ತು. ಒಂದು ದಿನ ಮಾತ್ರ ಮರೆತಿದ್ದ. ಮರುದಿನ ಓಣಿಯ ಎಂಟು ಮಂದಿ ಸೇರಿ ಕಾರನ್ನು ಊರ ಅಗಸಿಬಾಗಿಲ ತನಕ ನೂಕಬೇಕಾಯಿತು.

ಊರಿನಲ್ಲಿ ಕಾರುಗಳಿದ್ದುದು ಎರಡೇ. ಒಂದು ಇವನದು, ಇನ್ನೊಂದು ಕಾಳಿನ ಅಂಗಡಿಯ ಈರಪ್ಪನದು. ಎರಡೂ ಕರಿಯವು, ಎರಡೂ ಒಂದೇ ಕಂಪನಿಯವು, ಎರಡೂ ಒಂದೇ ವಾರದಲ್ಲಿ ಹುಬ್ಬಳ್ಳಿಯಿಂದ ಬಂದ ಹಳೇ ಗಾಡಿಗಳು. ಆ ವಾರದಿಂದ ಮಾಲೀಕರಿಬ್ಬರ ನಡುವೆ ಮಾತುಕತೆ ಅಷ್ಟಕ್ಕಷ್ಟೇ.

ಅಂಥದ್ದರಲ್ಲಿ ಊರ ಮಠದ ಸ್ವಾಮಿಗಳಾದ ಅಜ್ಜಾರು ಅಣ್ಣಿಗೇರಿಗೆ ಹೊರಡುವ ಪ್ರಸಂಗ ಬಂತು. ಎಂಬತ್ತು ದಾಟಿದ ಅಜ್ಜಾರು ಎತ್ತಿನ ಗಾಡಿ ಬಿಟ್ಟು ಬೇರೇನನ್ನೂ ಹತ್ತಿದವರಲ್ಲ, ಮೋಟಾರಿನ ಓಟವೆಂದರೆ ಅವರಿಗೆ ಎದೆ ನಡುಗುತ್ತಿತ್ತು. ಈಗ ಗಾಡಿಯ ಕುಲುಕಾಟ ಸೊಂಟಕ್ಕೆ ಆಗದು ಎಂದು ಡಾಕ್ಟರು ಹೇಳಿದ್ದರಿಂದ ಕಾರಿಗೆ ಒಪ್ಪಿದ್ದರು. ಅವರನ್ನು ಕರೆದೊಯ್ದ ಮನೆಯವರಿಗೆ ಇನ್ನು ಮುಂದೆ ಮಠದ ಪಂಕ್ತಿಯಲ್ಲಿ ಮೊದಲ ಎಲೆ ಎಂದು ನಿಗದಿಯಾಗಿತ್ತು. ಆ ಎಲೆಯ ಮೇಲೆ ಮಡಿವಾಳೆಪ್ಪನ ಕಣ್ಣು ಎಷ್ಟೋ ದಿನದಿಂದ ಇತ್ತು. ಅದರ ಮುಂದೆ ಈರಪ್ಪ ಕೂತು ಹೋಳಿಗೆ ಮುರಿಯುವುದನ್ನು ನೆನೆಸಿಕೊಂಡರೆ ಅವನಿಗೆ ನಿದ್ದೆ ಹಾರಿಹೋಗುತ್ತಿತ್ತು.

ಹೀಗಿರಲಾಗಿ ಒಂದು ಮುಂಜಾನೆ ಮಠದ ಕಾರಭಾರಿ ಶಂಭುಲಿಂಗಪ್ಪ ತಾನಾಗಿಯೇ ಮನೆಗೆ ಬಂದ. ಮಠದಲ್ಲಿ ಅವನ ಮಾತೆಂದರೆ ಮುಗಿಯಿತು.

“ನಾಳೆ ಅಜ್ಜಾರು ನಿಮ್ಮ ಕಾರಿನ್ಯಾಗ ಹೋಗಬೇಕಂತ ನನ್ನ ಮನಸಿನ್ಯಾಗೈತ್ರಿ,” ಎಂದ. “ಸಂಜಿಮುಂದ ಬರ್ತೀನಿ, ಕಾಲುವಿ ತನಕ ಒಂದ ಸಲ ಹೊಡದ ತೋರಸ್ರಿ. ಹೊಸಾದೇನೂ ಮಾಡಾಕ ಹೋಗಬ್ಯಾಡ್ರಿ. ಇದ್ದಹಂಗ ಇರ್ಲಿ.”

ಕಾರಭಾರಿ ಅತ್ತ ಹೋದ ಕೂಡಲೇ ಮಡಿವಾಳೆಪ್ಪ ತೋಳೇರಿಸಿದ. ಇದ್ದ ಹಾಗೆ ಇರಲಿ ಎಂದಿದ್ದಾರಲ್ಲ ಎಂದು ಹೆಂಡತಿ ಶಾರದವ್ವ ನೆನಪು ಮಾಡಿಕೊಟ್ಟಳು. ಅದು ದೊಡ್ಡವರು ಸಂಕೋಚಕ್ಕೆ ಆಡುವ ಮಾತು, ಕೆಟ್ಟ ದೀಪದ ಕಾರಿನಲ್ಲಿ ಅಜ್ಜಾರನ್ನು ಕೂಡಿಸಿದರೆ ಊರು ನಗುತ್ತದೆ ಎಂದು ಅವಳ ಬಾಯಿ ಮುಚ್ಚಿಸಿದ. ಹತ್ತಿಯ ಅಂಡಿಗೆ ಬಿಚ್ಚದೆ ಒಳಗಿನ ಕಸ ಹೇಳಬಲ್ಲವನಿಗೆ ಒಂದು ದೀಪ ಆರಿಸುವುದು ಯಾವ ದೊಡ್ಡ ಮಾತು?

ಬಾನೆಟ್ ಮೇಲೆದ್ದದ್ದನ್ನು ಕಂಡು ಮೊದಲು ಬಂದವರು ಪಕ್ಕದ ಮನೆಯ ನಿವೃತ್ತ ಪೋಸ್ಟ್ ಮಾಸ್ತರರು. ಮೂವತ್ತು ವರ್ಷ ತಂತಿ ಕಳಿಸಿ ತಂತಿಯ ಸ್ವಭಾವವೆಲ್ಲ ತಮಗೆ ಗೊತ್ತೆಂದು ಹೇಳಿ, ಎರಡು ವೈರುಗಳನ್ನು ಬಿಚ್ಚಿ ಅದಲುಬದಲು ಮಾಡಿದರು. ದೀಪ ಆರಲಿಲ್ಲ, ಹಾರ್ನು ಮಾತ್ರ ಹೊಡೆದುಕೊಳ್ಳತೊಡಗಿತು. ಅದು ನಿಲ್ಲುವುದರೊಳಗೆ ಎದುರು ಮನೆಯ ಎಮ್ಮೆ ಹಗ್ಗ ಹರಿದುಕೊಂಡು ಮಾಸ್ತರರದೇ ಹಿತ್ತಿಲಿಗೆ ನುಗ್ಗಿ ಮೆಂತ್ಯೆಪಲ್ಯದ ಮಡಿಯನ್ನೆಲ್ಲ ತುಳಿಯಿತು. ಮಾಸ್ತರರು ಅತ್ತ ಓಡಿದರು.

ಆಮೇಲೆ ಬಂದ ಟ್ರ್ಯಾಕ್ಟರ್ ಡ್ರೈವರನ ಪ್ರಕಾರ ಎಲ್ಲ ರೋಗಕ್ಕೂ ಮದ್ದು ಸೀಮೆಎಣ್ಣೆ. ಅವನು ಬ್ರೇಕಿನ ಪೆಡಲಿನ ಸುತ್ತ ಅರ್ಧ ಬಾಟಲಿ ಸುರಿದ. ದೀಪ ಉರಿಯುತ್ತಲೇ ಇತ್ತು, ಮಡಿವಾಳೆಪ್ಪನ ಬಿಳಿ ಧೋತರ ಮೊಳಕಾಲಿನ ತನಕ ಕಂದೀಲಿನ ಬತ್ತಿಯಂತೆ ನೆನೆಯಿತು. ಸುತ್ತ ನೆರೆದವರಲ್ಲಿ ಬೀಡಿ ಸೇದುತ್ತಿದ್ದವರನ್ನೆಲ್ಲ ಶಾರದವ್ವ ಗದರಿಸಿ ಓಣಿಯಾಚೆಗೆ ಅಟ್ಟಿದಳು. ಬಲ್ಬನ್ನೇ ಕಿತ್ತುಬಿಡಿ ಎಂದು ಯಾರೋ ಅಂದರು. ಹಾಗೆ ಮಾಡಿದರೆ ಬ್ರೇಕು ಹಾಕಿದಾಗಲೂ ದೀಪ ಹತ್ತುವುದಿಲ್ಲ, ತನ್ನ ಕಾರನ್ನು ಕುರುಡು ಮಾಡಲಾರೆ ಎಂದು ಮಡಿವಾಳೆಪ್ಪ ಒಪ್ಪಲಿಲ್ಲ.

ಕೊನೆಗೆ ಅಂಗಾತ ಮಲಗಿ ಪೆಡಲಿನ ಬುಡಕ್ಕೆ ಕತ್ತು ತೂರಿಸಿದಾಗ ರೋಗ ಅವನ ಕೈಗೇ ಸಿಕ್ಕಿತು. ಅಲ್ಲೊಂದು ಸಣ್ಣ ಸ್ವಿಚ್ಚು, ಅದಕ್ಕೊಂದು ಹುಣಸೆಬೀಜದಷ್ಟು ಗುಂಡಿ. ಕಾಲಿಟ್ಟಾಗ ಒಳಗೆ ಹೋಗಬೇಕು, ಕಾಲು ತೆಗೆದಾಗ ಹೊರಗೆ ಬರಬೇಕು. ಇದು ಒಳಗೆ ಹೋಗಿ ಅಲ್ಲೇ ಕೂತುಬಿಟ್ಟಿತ್ತು. ಹೊಸ ಸ್ವಿಚ್ಚು ಹಾಕಿದರೆ ಮುಗಿಯಿತು. ತಾನೇ ಕಂಡುಹಿಡಿದೆನೆಂಬ ಹೆಮ್ಮೆಯಿಂದ ಅವನು ಸೀದಾ ಮೆಕ್ಯಾನಿಕ್ ಗುಲಾಮಹುಸೇನನ ಶೆಡ್ಡಿಗೆ ಕಾರು ಹೊಡೆದ.

ಗುಲಾಮಹುಸೇನ ಇರಲಿಲ್ಲ. “ಅವರು ನವಲಗುಂದಕ್ಕ ಹೋಗ್ಯಾರ್ರಿ, ಬರೂದು ರಾತ್ರಿ ಆಗ್ತೈತಿ. ಕೂಡ್ರಿ, ಚಾ ಮಾಡ್ತೀನಿ,” ಎಂದು ಅವನ ಹೆಂಡತಿ ರಾಜಮಾಬಿ ಒಳಗೆ ಹೋದಳು.

ಶೆಡ್ಡಿನ ನೆರಳಿನಲ್ಲಿ ಈರಪ್ಪನ ಕಾರು ನಿಂತಿತ್ತು. ಕೆಲಸವೆಲ್ಲ ಮುಗಿದು ಒರೆಸಿಟ್ಟ ಕಾರು, ಮಧ್ಯಾಹ್ನ ಮೂರಕ್ಕೆ ಅವನು ಬಂದು ಒಯ್ಯುವವನಿದ್ದ. ಮಡಿವಾಳೆಪ್ಪ ಅದನ್ನು ನೋಡಿದ, ಒಳಬಾಗಿಲ ಕಡೆ ನೋಡಿದ, ಬೆಂಚಿನ ಮೇಲಿದ್ದ ನಟ್ಟು ಬಿಚ್ಚುವ ಪಾನಾ ನೋಡಿದ. ಅದೇ ಕಂಪನಿ, ಅದೇ ಪೆಡಲು, ಅದೇ ಸ್ವಿಚ್ಚು. ಈರಪ್ಪ ಕಾರು ಹೊಡೆಯುವುದೇ ಮನೆಯಿಂದ ಅಂಗಡಿಗೆ. ಅವನ ಹಿಂದೆ ಬರುವುದು ಅವನ ನಾಯಿಯೊಂದೇ. ಆ ನಾಯಿಗೆ ಕೆಂಪು ದೀಪ ಹತ್ತಿದರೇನು, ಆರಿದರೇನು? ಈ ತರ್ಕ ಅವನಿಗೆ ಬಹಳ ಸಮಾಧಾನ ಕೊಟ್ಟಿತು. ಚಹಾ ಕುದಿದು ಬರುವಷ್ಟರಲ್ಲಿ ಆ ಕಾರಿನ ಒಳ್ಳೆಯ ಸ್ವಿಚ್ಚು ಈ ಕಾರಿಗೂ ಈ ಕಾರಿನ ಕೆಟ್ಟ ಸ್ವಿಚ್ಚು ಆ ಕಾರಿಗೂ ಬಂದು ಕೂತಿದ್ದವು. ರಾಜಮಾಬಿಯ ಚಹಾವನ್ನು ಎರಡು ಸಲ ಹೊಗಳಿ ಕುಡಿದು ಹೊರಟ. ಮನೆಗೆ ಬಂದು ಶಾರದವ್ವನನ್ನು ಹಿಂದೆ ನಿಲ್ಲಿಸಿ ಪರೀಕ್ಷೆ ಮಾಡಿದ. ಕಾಲಿಟ್ಟರೆ ಹತ್ತಿತು, ತೆಗೆದರೆ ಆರಿತು.

ಸಂಜೆ ಕಾರಭಾರಿ ಸೈಕಲ್ ಮೇಲೆ ಬಂದ. ಕಾರಿನೊಳಗೆ ಕೂತುಕೊಳ್ಳಲು ಒಪ್ಪಲಿಲ್ಲ, ನೀವು ಮುಂದೆ ಹೊಡೆಯಿರಿ, ನಾನು ಹಿಂದೆ ಬರುತ್ತೇನೆ ಎಂದ. ಇದೆಂಥ ಪರೀಕ್ಷೆಯೋ ಎನಿಸಿದರೂ ಮಡಿವಾಳೆಪ್ಪ ಜೀವಮಾನದಲ್ಲೇ ಅಷ್ಟು ನಯವಾಗಿ ಕಾರು ಹೊಡೆದಿರಲಿಲ್ಲ. ಎರೆಮಣ್ಣಿನ ಹಾದಿಯಲ್ಲಿ, ಸೈಕಲ್ಲಿಗೂ ಹಿಂದೆ ಬೀಳುವಷ್ಟು ನಿಧಾನಕ್ಕೆ, ಬ್ರೇಕಿನ ಅಗತ್ಯವೇ ಬೀಳದ ಹಾಗೆ ಕಾಲುವೆ ಮುಟ್ಟಿಸಿ ಎದೆ ಸೆಟೆಸಿ ಇಳಿದ. ಹಿಂದೆ ಬಂದ ಕಾರಭಾರಿಯ ಮುಖ ಸಪ್ಪಗಾಗಿತ್ತು.

“ಹ್ವಾದ ಶನಿವಾರ ನಾ ಬಸ್ಸಿನ ಮುಂದಿನ ಸೀಟಿನ್ಯಾಗ ಕೂತಿದ್ದೆ, ನಿಮ್ಮ ಕಾರ ನಮ್ಮ ಮುಂದ ಇತ್ತು,” ಎಂದ. “ನವಲಗುಂದದಿಂದ ಮೊರಬದ ತನಕ ನಿಮ್ಮ ಕೆಂಪ ದೀಪ ಒಂದ ಸಲಾನೂ ಆರಲಿಲ್ಲ. ಬ್ರೇಕಿನ ಮ್ಯಾಲಿನ ಕಾಲ ತಗೀಲಾರದ ಹೊಡಿಯೋ ಮನಶಾ, ಅಂಜೂ ಅಜ್ಜಾರಿಗೆ ಇಂಥಾವನ ಬೇಕು ಅಂದ್ಕೊಂಡೆ. ಇವತ್ತ ನೋಡಿದ್ರ, ಇಷ್ಟ ದೂರಕ್ಕ ಒಂದ ಸಲಾನೂ ದೀಪ ಹತ್ತಲಿಲ್ಲ. ಬ್ರೇಕ್ ಮುಟ್ಟಲಾರದ ಹೊಡಿತೀರಿ ನೀವು.”

ಅದು ಸ್ವಿಚ್ಚು ಕೆಟ್ಟು ಉರಿದ ದೀಪ ಎಂದು ಹೇಳಲು ಮಡಿವಾಳೆಪ್ಪ ಬಾಯಿ ತೆರೆದ. ಅಷ್ಟರಲ್ಲಿ ಈರಪ್ಪನ ಕಾರು ಹೊಲದ ಕಡೆಯಿಂದ ಬಂದು ಅವರನ್ನು ದಾಟಿ ಊರ ದಾರಿ ಹಿಡಿಯಿತು. ಹಿಂದೆ ಎರಡು ಕೆಂಪು ದೀಪಗಳು ಒಂದೇ ಸಮನೆ ಉರಿಯುತ್ತಿದ್ದವು. ಕಾರು ತಿರುವಿನಲ್ಲಿ ಮರೆಯಾಗುವ ತನಕವೂ ಆರಲಿಲ್ಲ.

ಕಾರಭಾರಿ ನಿಂತಲ್ಲೇ ಕೈಮುಗಿದ. “ನೋಡ್ರಿ, ಹೊಡಿಯೂದಂದ್ರ ಹಿಂಗ ಹೊಡೀಬೇಕು,” ಎಂದು ಸೈಕಲ್ ಹತ್ತಿ ಈರಪ್ಪನ ಮನೆಯ ಕಡೆ ತುಳಿದ. ಮಡಿವಾಳೆಪ್ಪನ ಬಾಯಿ ತೆರೆದದ್ದು ಹಾಗೇ ಮುಚ್ಚಿಕೊಂಡಿತು. ಆ ದೀಪ ಕೆಟ್ಟದ್ದು ಎಂದು ಹೇಳಿದರೆ, ನಿಮಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತಿತ್ತು.

ಮರುದಿನ ಬೆಳಿಗ್ಗೆ ಇಡೀ ಊರು ಮಠದ ಮುಂದೆ ಸೇರಿತ್ತು. ನಸುಕಿನಲ್ಲೇ ಅಲ್ಲಿರಲೆಂದು ಈರಪ್ಪ ರಾತ್ರಿಯೇ ಕಾರನ್ನು ತಂದು, ಹಿಂಭಾಗ ಮಠದ ಗೋಡೆಗೆ ತೀರ ಸಮೀಪವಾಗಿ ನಿಲ್ಲಿಸಿ ಹೋಗಿದ್ದ. ದೀಪ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಜ್ಜಾರು ಮಂತ್ರ ಹೇಳಿಕೊಂಡು ಹಿಂದಿನ ಸೀಟಿನ ಕಂಬಳಿಯ ಮೇಲೆ ಕೂತರು. ಈರಪ್ಪ ಕೀಲಿ ತಿರುವಿದ. ಕಾರು ಕೆಮ್ಮಲೂ ಇಲ್ಲ.

ಮಡಿವಾಳೆಪ್ಪನ ಎದೆಯಲ್ಲಿ ಆಸೆ ಚಿಗುರಿತು. ತನ್ನ ಕಾರು ಸಿದ್ಧವಾಗಿದೆ, ಅಜ್ಜಾರು ಅದಕ್ಕೇ ದಯಮಾಡಿಸಬಹುದು ಎಂದು ಮುಂದೆ ಬಂದು ಅರಿಕೆ ಮಾಡಿಕೊಂಡ. ಕಾರಭಾರಿ ತಲೆಯಲ್ಲಾಡಿಸಿದ.

“ಅಜ್ಜಾರು ಒಮ್ಮೆ ಗಾಡ್ಯಾಗ ಕುಂತ್ರ ಹೋಗೂ ಊರು ಮುಟ್ಟೂ ತನಕ ಇಳಿಯಂಗಿಲ್ಲ. ಅದು ಮೊದಲಿಂದ ಬಂದ ಪದ್ಧತಿ. ನಿಮಗ ಕಾರ ನೂಕಿಸಿ ರೂಢಿ ಐತೆಲ್ಲ, ಹಿಂದ ಕೈ ಹಚ್ರಿ.”

ಕಾರಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ತೂರಿ ಮಡಿವಾಳೆಪ್ಪ ಹೆಗಲು ಕೊಟ್ಟ. ಉಳಿದವರು ಎರಡೂ ಬದಿಗೆ ಹತ್ತಿಕೊಂಡರು. ಊರು ಜಯಕಾರ ಹಾಕಿತು, ಕಾರು ಅಗಸಿಬಾಗಿಲ ತನಕ ಉರುಳಿತು. ಅಲ್ಲಿ ಎಂಜಿನ್ನು ಒಮ್ಮೆಲೇ ಹತ್ತಿಕೊಂಡು ಒಂದು ಬುಟ್ಟಿ ಹೊಗೆಯನ್ನು ಅವನ ಮೇಲೆ ಉಗುಳಿತು. ಅವನು ಕಣ್ಣೊರೆಸಿಕೊಂಡು ತಲೆಯೆತ್ತಿದ. ಅವನದೇ ಸ್ವಿಚ್ಚಿನ ಆ ಎರಡು ಕೆಂಪು ದೀಪಗಳು ಅವನ ಮುಖದ ಮೇಲೆ ಒಮ್ಮೆ ಬೆಳಗಿ, ಅಜ್ಜಾರನ್ನು ಕರೆದುಕೊಂಡು, ಒಂದು ಸಲವೂ ಆರದೆ ಅಣ್ಣಿಗೇರಿಯ ದಾರಿ ಹಿಡಿದವು.