ಬಿದ್ದ ಬೀಗರನ್ನು ಬಿಟ್ಟು ಬಂದೂಕು ಎತ್ತಿಕೊಂಡವನ ಅಹವಾಲು

ಹಾಗಾಗಿ, ಮಾನ್ಯರೇ, ನಿನ್ನೆ ತಮ್ಮ ದೂರು ಪೆಟ್ಟಿಗೆಯು ಇನ್ನು ಅಕ್ಷರಗಳಿಗೆ ಜಾಗವಿಲ್ಲವೆಂದು ನನ್ನ ಮಾತನ್ನು ಎಲ್ಲಿ ತುಂಡರಿಸಿತೋ ಅಲ್ಲಿಂದಲೇ ಮುಂದುವರಿಸುತ್ತೇನೆ. ಅದಕ್ಕೂ ಮೊದಲು, ನಿನ್ನೆಯ ಅವಸರದಲ್ಲಿ ಬಿಟ್ಟುಹೋದ ನಮಸ್ಕಾರವನ್ನು ಸಲ್ಲಿಸಿಬಿಡುತ್ತೇನೆ. ನಾಲ್ವರು ಕೂಡಿ ಬಂದೂಕಿನಿಂದ ವೈರಿಗಳನ್ನು ಸುಟ್ಟು, ಅವರು ಬಿಟ್ಟ ಸಾಮಾನು ದೋಚಿ, ಆ ಸಾಮಾನಿನಿಂದಲೇ ಮತ್ತಷ್ಟು ವೈರಿಗಳನ್ನು ಸುಡುವ ‘ಸ್ಕ್ರ್ಯಾಪ್ ಮೂನ್’ ಎಂಬ ಆಟವನ್ನು (ಮನೆಯಲ್ಲಿ ನಾನದನ್ನು ಗುಜರಿ ಚಂದ್ರ ಎನ್ನುತ್ತೇನೆ) ಜಗತ್ತಿಗೆ ದಯಪಾಲಿಸಿದ ಕಂಪನಿಯ ಮಹನೀಯರಿಗೆ, ಬಾಗಲಕೋಟೆ ನವನಗರದ ನಿವೃತ್ತ ಗುಮಾಸ್ತ ಶಂಕರಲಿಂಗನ ಅನಂತ ವಂದನೆಗಳು. ವಿತ್ ಡ್ಯೂ ರಿಸ್ಪೆಕ್ಟ್ ಆ್ಯಂಡ್ ಹಂಬಲ್ ಸಬ್‌ಮಿಷನ್, ಐ ಬೆಗ್ ಟು ಸ್ಟೇಟ್... ಇದರ ಮುಂದಿನದು ಕಾಲೇಜಿನಲ್ಲಿ ಬರುತ್ತಿತ್ತು, ಈಗ ಹೊಟ್ಟೆನೋವಿನ ರಜಾ ಅರ್ಜಿಯೊಂದೇ ನೆನಪಿದೆ, ಅದು ಇಲ್ಲಿಗೆ ಹೊಂದುವುದಿಲ್ಲ. ಆದ್ದರಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಯಾರಿಂದಲಾದರೂ ಓದಿಸಿಕೊಳ್ಳುವ ಹೊಣೆ ತಮ್ಮದು.

ನನ್ನ ಮನೆಯವಳು ಬಸವೇಶ್ವರಿ ತೀರಿಕೊಂಡ ಮೇಲೆ ನಾನು ಟಿವಿಯಲ್ಲಿ ಸುದ್ದಿ ಓದುವವರ ಜೊತೆ ಒಬ್ಬನೇ ಜಗಳಕ್ಕೆ ಕೂರುವುದನ್ನು ಕಂಡು ಗಾಬರಿಯಾದ ಮಗಳು ದಾನೇಶ್ವರಿ, ತಮ್ಮ ಆಟವನ್ನು ಅದೇ ಟಿವಿಗೆ ಜೋಡಿಸಿ, ಕೈಗೊಂದು ರಿಮೋಟು, ಕಿವಿಗೊಂದು ಮೈಕು ಕೊಟ್ಟು ಹೋದಳು. ಅವಳನ್ನು ಹುನಗುಂದಕ್ಕೆ ಕೊಟ್ಟಿದ್ದೇವೆ. ಅವಳು, ಅವಳ ಗಂಡ ಶಿವಪ್ರಕಾಶ, ಅವಳ ಮಾವ ಅಂದರೆ ನನ್ನ ಬೀಗರಾದ ಅಮಾತೆಪ್ಪನವರು ಅಲ್ಲಿಂದ, ನಾನು ಇಲ್ಲಿಂದ, ಹೀಗೆ ನಾಲ್ವರ ತಂಡ. ಬೀಗರು ಪಿ.ಟಿ. ಮಾಸ್ತರರಾಗಿದ್ದವರು, ಬಾಹ್ಯಾಕಾಶದಲ್ಲಿಯೂ ಸೀಟಿ ಊದಿಯೇ ದಾಳಿ ಶುರುಮಾಡುತ್ತಾರೆ, ವೈರಿಗಳಿಗೆ ಮೊದಲು ಕೇಳಿಸುತ್ತದೆಯೋ ಎಂಬಂತೆ ಅವರೆಲ್ಲ ನನ್ನ ಕಡೆಗೇ ಓಡಿಬರುತ್ತಾರೆ.

ತಮ್ಮ ಆಟದ ಗುಣಗಳನ್ನು ಹೊಗಳದಿದ್ದರೆ ಕೃತಘ್ನನಾದೇನು. ಆ ಚಂದ್ರನ ಕೆಂಪು ಬಂಡೆಗಳು ಥೇಟ್ ಬಾದಾಮಿಯವು, ಮಂಗಗಳದ್ದೊಂದೇ ಕೊರತೆ. ಅವುಗಳ ಬದಲು ಇಟ್ಟಿರುವ ಆರು ಕಾಲಿನ ಪ್ರಾಣಿಗಳೂ ಕೈಯಲ್ಲಿದ್ದುದನ್ನು ಕಿತ್ತುಕೊಳ್ಳುವುದರಲ್ಲಿ ಕಡಿಮೆಯೇನಿಲ್ಲ. ಇನ್ನು ತಾವು ಕೃಪೆಮಾಡಿರುವ ಬಂದೂಕುಗಳ ವೈಭವವೋ! ಹೆಜ್ಜೆಗೊಂದು ಬಂದೂಕು, ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ. ಇಳಕಲ್ಲಿನ ಅಂಗಡಿಯಲ್ಲಿ ಬಸವೇಶ್ವರಿ ಗುಡ್ಡೆಗಟ್ಟಲೆ ಸೀರೆ ಬಿಚ್ಚಿಸಿ ಕೊನೆಗೆ ಮೊದಲು ನೋಡಿದ್ದನ್ನೇ ಕಟ್ಟಿಸುತ್ತಿದ್ದಾಗ ಬಾಗಿಲಲ್ಲಿ ನಿಂತು ನಿಟ್ಟುಸಿರು ಬಿಡುತ್ತಿದ್ದ ನಾನು, ಈಗ ಗುಂಡಿನ ಮಳೆಯ ನಡುವೆ ಚೀಲ ಹರಡಿಕೊಂಡು, ಇದರ ಅಂಚು ಚೆಂದವೋ ಅದರ ಸೆರಗು ಚೆಂದವೋ ಎಂದು ಬಂದೂಕು ಆರಿಸುತ್ತ ಕೂತಿರುತ್ತೇನೆ. ತಮ್ಮ ಖಳನಾಯಕರು ಭಾಷಣ ಶುರುಮಾಡಿದರೆ ಮುಖ್ಯ ಅತಿಥಿಗಳಂತೆ ಮುಗಿಸುವುದೇ ಇಲ್ಲ. ಮುಗಿಸಿದ ಮೇಲೆ ಎಷ್ಟು ಸುಟ್ಟರೂ ಸಾಯುವುದಿಲ್ಲ. ನಡುವೆ ನಾನು ಎದ್ದುಹೋಗಿ ಚಹಾ ಮಾಡಿಕೊಂಡು ಬಂದರೂ ಯುದ್ಧಕ್ಕೆ ಏನೂ ನಷ್ಟವಾಗಿರುವುದಿಲ್ಲ, ಲಾಭವಾಗಿರುತ್ತದೆಂದು ಅಳಿಯ ಸೌಜನ್ಯದಿಂದ ಹೇಳುವುದಿಲ್ಲ.

ಆದರೆ ಒಂದು ನಿಯಮಕ್ಕೆ ಮಾತ್ರ ನಾನು ನಿಜವಾಗಿ ತಲೆಬಾಗುತ್ತೇನೆ. ತಮ್ಮ ಚಂದ್ರನ ಮೇಲೆ ಬಿದ್ದವನು ತಾನಾಗಿ ಏಳುವಂತಿಲ್ಲ. ಜೊತೆಗಾರನೊಬ್ಬ ಓಡಿಬಂದು, ಮೊಣಕಾಲೂರಿ, ರಿಮೋಟಿನ ಗುಂಡಿಯನ್ನು ಒತ್ತಿಹಿಡಿದು ಎಬ್ಬಿಸಬೇಕು. ತಂಡದಲ್ಲಿ ಅತಿ ಹೆಚ್ಚು ಬೀಳುವವನು ನಾನು. ಸುಟ್ಟ ವೈರಿಗಳಿಗಿಂತ ಎಡವಿದ ಕಲ್ಲುಗಳೇ ನನ್ನ ಲೆಕ್ಕದಲ್ಲಿ ಜಾಸ್ತಿ. ಪ್ರತಿ ಸಲವೂ ಅಮಾತೆಪ್ಪನವರು ಸೀಟಿ ಊದುತ್ತ ಬಂದು ಎಬ್ಬಿಸುತ್ತಿದ್ದರು. ಮಕ್ಕಳು ಮಲಗಲು ಹೋದ ಮೇಲೂ ನಾವಿಬ್ಬರು ಬೀಗರು ಮೈಕು ಆರಿಸದೆ, ಮಂಡಿನೋವು, ಜೋಳದ ಧಾರಣೆ, ಹೋದವಳ ಕೈಯ ಎಣ್ಣೆಗಾಯಿ ಎಂದು ಮಾತಾಡುತ್ತಿರುತ್ತಿದ್ದೆವು. ಸುತ್ತ ಪ್ರಾಣಿಗಳು ನಮ್ಮನ್ನು ಕಚ್ಚುತ್ತಿದ್ದವು, ನಾವು ಗಮನಿಸುತ್ತಿರಲಿಲ್ಲ.

ಈಗ ದೂರು. ಕಳೆದ ವಾರದ ಯುದ್ಧದಲ್ಲಿ, ತಮ್ಮ ದಯೆಯಿಂದ ಎಂದೂ ಬೀಳದ ಅಮಾತೆಪ್ಪನವರು ಬಿದ್ದರು. ಅದೇ ಗಳಿಗೆಗೆ, ತಮ್ಮದೇ ದಯೆಯಿಂದ, ಅವರು ತಿಂಗಳುಗಟ್ಟಲೆ ಹಂಬಲಿಸುತ್ತಿದ್ದ ಬಂಗಾರದ ಬಂದೂಕೂ ಬಿತ್ತು. ಅದೂ ಅವರ ಎದೆಯ ಮಗ್ಗುಲಿಗೆ. ನಾನು ಓಡಿದೆ, ಮೊಣಕಾಲೂರಿದೆ, ಗುಂಡಿ ಒತ್ತಿದೆ. ಮನುಷ್ಯನನ್ನು ಎಬ್ಬಿಸುವುದಕ್ಕೂ ಸಾಮಾನು ದೋಚುವುದಕ್ಕೂ ತಾವು ಒಂದೇ ಗುಂಡಿಯನ್ನು ಇಟ್ಟಿರುವಿರೆಂಬ ತತ್ವಜ್ಞಾನ ನನಗೆ ಹೊಳೆದದ್ದು ಬಂದೂಕು ನನ್ನ ಹೆಗಲೇರಿದ ಮೇಲೆ. ಕೈನಡುಗಿ ಮತ್ತೆ ಒತ್ತುವಷ್ಟರಲ್ಲಿ ಬೀಗರ ಪ್ರಾಣ ಹೋಗಿತ್ತು, ಮತ್ತು ತಾವು ಕಹಳೆ ಊದಿಸಿ, ‘ಶಂಕರಲಿಂಗ ಬಂಗಾರದ ಬಂದೂಕು ಪಡೆದ’ ಎಂದು ನಾಲ್ಕೂ ಜನಕ್ಕೆ ದೊಡ್ಡ ಅಕ್ಷರಗಳಲ್ಲಿ ಸಾರಿದ್ದಿರಿ. ಅಮಾತೆಪ್ಪನವರು ಮೈಕಿನಲ್ಲಿ ತಣ್ಣಗೆ, “ಬಂದೂಕ ಛಲೋ ಐತ್ರಿ ಬೀಗರ. ನೀವ ಇಟಗೋರಿ, ನಾ ಬರ್ತೇನಿ,” ಎಂದು ಹೊರಟುಹೋದರು.

ಬಂದೂಕನ್ನು ಅವರಿಗೇ ಕೊಟ್ಟುಬಿಡೋಣವೆಂದರೆ, ಒಮ್ಮೆ ಎತ್ತಿಕೊಂಡದ್ದನ್ನು ಯಾರಿಗೂ ಕೊಡುವಂತಿಲ್ಲವೆಂದು ತಮ್ಮ ಆಟ ಕೆಂಪಕ್ಷರದಲ್ಲಿ ಹೇಳಿತು. ಅಂದಿನಿಂದ ಬೀಗರು ಆಟಕ್ಕಿಲ್ಲ, ಮಾತಿಗೂ ಇಲ್ಲ. ಆಟಕ್ಕೆ ಕರೆಯಲೆಂದು ತಾವು ಒದಗಿಸಿದ ಆಹ್ವಾನದ ಗುಂಡಿಯನ್ನು ಸಂಜೆ ಸಂಜೆ ಒತ್ತಿದೆ, ಅತ್ತಲಿಂದ ಸದ್ದಿಲ್ಲ. ಮಗಳನ್ನು ಕೇಳಿದರೆ, “ನಿನ್ನ ಹೆಸರ ತಗದ್ರ ಮಾವಾರು ಟಿವಿ ಆವಾಜ ಏರಸ್ತಾರಪ್ಪಾ. ನಾ ಯಾರ ಕಡೆ ಆಗ್ಲಿ?” ಎಂದಳು. ಒಬ್ಬನೇ ಆಡಿ ನೋಡಿದೆ, ಮಾನ್ಯರೇ. ಬಿದ್ದೆ. ಬಂಗಾರದ ಬಂದೂಕನ್ನು ಅಪ್ಪಿಕೊಂಡು ಆ ಕೆಂಪು ಮಣ್ಣಿನಲ್ಲಿ ಮಲಗಿ, ಯಾರೂ ಬರುವುದಿಲ್ಲವೆಂದು ತಿಳಿದೂ ಆ ಕಡೆ ಈ ಕಡೆ ನೋಡಿದೆ.

ಆದಕಾರಣ ತಮ್ಮಲ್ಲಿ ಪ್ರಾರ್ಥನೆ: ಕೂಡಲೇ ಮುದುಕರ ಕೈನಡುಕವನ್ನು ಗುರುತಿಸಿ ಮನ್ನಿಸುವ ಗುಂಡಿಯೊಂದನ್ನು ರಚಿಸಬೇಕು, ‘ಶಂಕರಲಿಂಗನ ಮನಸ್ಸು ಒಳ್ಳೆಯದು, ಬೆರಳು ಕೆಟ್ಟದ್ದು’ ಎಂದು ಅದೇ ಕಹಳೆಯೊಂದಿಗೆ ಹುನಗುಂದ ತಾಲೂಕಿಗೆಲ್ಲ ಸಾರಬೇಕು, ಅದೂ ಆಗದಿದ್ದರೆ, ಕಳೆದ ವಾರವನ್ನೇ ಹಿಂದಕ್ಕೆ ಪಡೆಯಬೇಕು. ಐ ಶಲ್ ಬಿ ಎವರ್ ಗ್ರೇಟ್‌ಫುಲ್, ನೋಡಿ, ಇಷ್ಟು ಇಂಗ್ಲಿಷ್ ನೆನಪಾಯಿತು. ನಾಲ್ಕನೆಯ ಬೇಡಿಕೆಯನ್ನೂ ಬರೆಯುವವನಿದ್ದೆ, ಆದರೆ ಅಕ್ಷರ ಕಾಣುತ್ತಿಲ್ಲ. ನಾನು ಕೂತು ಬರೆಯುತ್ತಿರುವ ಮನೆಮುಂದಿನ ಕಟ್ಟೆಯ ಮೇಲಿನ ಬೆಳಕು ಹೋಗುತ್ತಿದೆ. ದೀಪ ಹಚ್ಚುವ ಹೊತ್ತಿಗೆ ಅಮಾತೆಪ್ಪನವರು ಲಿಂಗಪೂಜೆಗೆ ಕೂರುತ್ತಾರೆ, ಆಮೇಲೆ ಫೋನು ಮುಟ್ಟುವುದಿಲ್ಲ. ತಮ್ಮ ಉತ್ತರಕ್ಕಿಂತ ಅವರ ಬೈಗುಳವೇ ಬೇಗ ಸಿಕ್ಕೀತೆಂದು ಇಲ್ಲಿಗೇ ನಿಲ್ಲಿಸುತ್ತೇನೆ.

ಬಿದ್ದಲ್ಲಿಂದಲೇ,
ತಮ್ಮ ವಿಶ್ವಾಸಿ,
ಶಂಕರಲಿಂಗ

ವಿ.ಸೂ.: ಕತ್ತಲಾಗುವುದರೊಳಗೆ ಬೀಗರು ಫೋನಿನಲ್ಲಿ ಸಿಕ್ಕರು. ನಾನು ಬಂದೂಕಿನ ಕ್ಷಮಾಪಣೆ ಶುರುಮಾಡುವಷ್ಟರಲ್ಲಿ, “ಬಂದೂಕಿನ ಮಾತ ಬಿಡ್ರಿ. ಬೀಗರನ್ನ ಮಷಿನ್ ಕಡಿಂದ ಕರಸ್ತಾರೇನ್ರಿ? ಬಾಯಿಲೆ ಒಮ್ಮೆ ಬರ್ರಿ ಅನ್ನಾಕ ಆಗ್ಲಿಲ್ಲ ನಿಮಗ?” ಎಂದರು. ಲಗ್ನಪತ್ರಿಕೆ ಕೈಗೆ ಕೊಟ್ಟರೂ ಬಾಯಿಬಿಟ್ಟು ಕರೆಯದಿದ್ದರೆ ಊಟಕ್ಕೆ ಹೋಗದ ನಾಡಿನಲ್ಲಿ ಹುಟ್ಟಿ, ತಮ್ಮ ಗುಂಡಿಯನ್ನು ನಂಬಿದ ನನ್ನ ಬುದ್ಧಿಗೆ ಏನೆನ್ನಲಿ. ಬಾಯಿಯಿಂದಲೇ ಕರೆದೆ. ನಾಳೆ ಮುಂಜಾನೆಯ ಬಸ್ಸಿಗೆ ಬರುತ್ತಾರೆ. ಬಂದೂಕನ್ನು ಅವರಿಗೆ ಕೊಡುವಂತಿಲ್ಲವೆಂದು ತಾವು ಹೇಳಿದ್ದೀರಷ್ಟೆ. ನನ್ನ ಕುರ್ಚಿಯನ್ನೂ ರಿಮೋಟನ್ನೂ ಕೊಡಬಾರದೆಂದು ಎಲ್ಲಿಯೂ ಬರೆದಿಲ್ಲ. ಅವರು ಸುಡುತ್ತಾರೆ, ನಾನು ಮಗ್ಗುಲಲ್ಲಿ ಕೂತು ಸೀಟಿ ಊದುತ್ತೇನೆ. ಕೂಡಿ ಆಡುವುದೆಂದರೆ ಹೇಗೆಂದು ನೋಡುವ ಆಸೆಯಿದ್ದರೆ ತಾವೂ ಬರಬಹುದು. ಆದರೆ ತಮ್ಮನ್ನು ನಾನು ಬಾಯಿಯಿಂದ ಕರೆದಿಲ್ಲ.