ಬಿಂಡಿಗನವಿಲೆಯಲ್ಲಿ ಅತ್ತ ಫ್ರೆಂಚ್ ಗಾಯಕಿ

ತೊಂಬತ್ತರ ದಶಕದ ಶ್ರೀರಂಗಪಟ್ಟಣದಲ್ಲಿ ನನ್ನಷ್ಟು ಮೇಲ್ಮಟ್ಟದ ಸಂಗೀತಜ್ಞಾನ ಇನ್ನೊಬ್ಬರಿಗಿರಲಿಲ್ಲ. ಈ ಸಂಗತಿ ಊರಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಆ ಒಬ್ಬ ನಾನೇ!

ನಮ್ಮದು ಮರಗೆಲಸದ ಆಚಾರ್ ಮನೆತನ. ಉಳಿ ಹಿಡಿದಾಗಲೆಲ್ಲ ಕೈ ಕುಯ್ದುಕೊಳ್ಳುತ್ತಿದ್ದ ನನ್ನನ್ನು ಅಪ್ಪ ತಾವೇ ಕೈಮುಗಿದು ಕಸುಬಿನಿಂದ ಬಿಡುಗಡೆ ಮಾಡಿದ್ದರು. ನಾನು ಬಸ್‌ಸ್ಟ್ಯಾಂಡಿನ ಹತ್ತಿರ ಕ್ಯಾಸೆಟ್ ಅಂಗಡಿ ಇಟ್ಟೆ. ಬೇಕಾದ ಹಾಡು ತುಂಬಿಕೊಡುವುದು, ಟೇಪ್ ರೆಕಾರ್ಡರ್ ರಿಪೇರಿ, ಮದುವೆಗಳಿಗೆ ಮೈಕ್ ಸೆಟ್.

ಒಂದು ದಿನ ಗೈಡ್ ಬಷೀರ್ ಭಾಯಿ ಒಬ್ಬ ಫ್ರೆಂಚ್ ಪ್ರವಾಸಿಯನ್ನು ಕರೆತಂದ. ಆತನ ವಾಕ್‌ಮನ್ ಟೇಪು ತಿನ್ನುತ್ತಿತ್ತು. ಹತ್ತಿಗೆ ಸ್ಪಿರಿಟ್ ಅದ್ದಿ ಹೆಡ್ ಒರೆಸಿಕೊಟ್ಟೆ, ಅಷ್ಟೆ. ಆತ ಸಂತೋಷದಿಂದ ನನ್ನನ್ನು ತಬ್ಬಿಕೊಂಡು ತನ್ನ ದೇಶದ ಗಾಯಕಿಯೊಬ್ಬಳ ಎರಡು ಕ್ಯಾಸೆಟ್ಟು ಉಡುಗೊರೆ ಕೊಟ್ಟುಬಿಟ್ಟ!

ಬಷೀರ್ ಭಾಯಿ ವಿವರಿಸಿದ: "ಈಯಮ್ಮ ಪ್ಯಾರಿಸ್‌ನಲ್ಲಿ ಕುಡಿಯೋ ಓಟ್ಲುಗಳಲ್ಲಿ ಆಡ್ತಿದ್ಲಂತೆ ಭಾಯ್. ಆಗ ಹೊಸ ಅಲೆ ಅಂತ ಒಂದು ಸಂಗೀತ ಎದ್ದಿತ್ತಂತೆ. ಕೈಕೊಟ್ಟೋದೋನ್ನ ನೆನೆಸ್ಕೊಂಡು ಒತ್ತಿ ಉರಿಯೋ ಆಡುಗಳು. ಮಾಲು ಎಲ್ಲೂ ಸಿಗ್ತಾನೇ ಇರ್ಲಿಲ್ವಂತೆ. ಈಗ ತಿರ್ಗಾ ಬಿಡುಗಡೆ ಮಾಡವ್ರಂತೆ."

ಒಂದು ಕ್ಯಾಸೆಟ್ಟಿನ ಮೇಲೆ ಆಕೆ ಗಂಡಸರ ಕೋಟು ತೊಟ್ಟು, ತಲೆಗೆ ಟೋಪಿಯ ಬದಲು ಮೇಜಿನ ಲ್ಯಾಂಪಿನ ಶೇಡು ಹಾಕಿಕೊಂಡಿದ್ದಳು. ಇನ್ನೊಂದರಲ್ಲಿ ಸ್ನಾನದ ತೊಟ್ಟಿಯೊಳಗೆ ಛತ್ರಿ ಹಿಡಿದು ಕೂತಿದ್ದಳು. ತೊಡೆಯ ಮೇಲೆ ಜೀವಂತ ಕೋಳಿ! ರಾತ್ರಿ ಮನೆಯಲ್ಲಿ ಹಾಡು ಹಾಕಿದೆ. ಹಿಂದೆ ಯಂತ್ರದ ತಾಳ ಟಕ್ಕು ಟಕ್ಕು ಅನ್ನುತ್ತಿತ್ತು. ಆಕೆ ಮೊದಲು ಪಿಸುಗುಟ್ಟಿದಳು, ಆಮೇಲೆ ಬಿಕ್ಕಿದಳು, ನಡುವೆ ಒಮ್ಮೆ ನಕ್ಕಳು, ಕೊನೆಗೆ ಗಂಟಲು ಬಿರಿಯುವಂತೆ ಯಾರನ್ನೋ ಕರೆದಳು. ಒಂದು ಪದವೂ ಅರ್ಥವಾಗದೆ ನನ್ನ ಕಣ್ಣು ತುಂಬಿಬಂತು.

ಹೆಂಡತಿ ರತ್ನ ಒಳಗಿನಿಂದ ಕೇಳಿದಳು. "ಆಯಮ್ಮಂಗೆ ಒಟ್ಟೆನೋವೇನ್ರೀ?"

"ಇದು ಕಲೆ ಕಣೇ!"

"ಒಂದು ಲೋಟ ಓಮದ ನೀರು ಕೊಡೋರು ಯಾರೂ ಇರ್ಲಿಲ್ವಾ, ಪಾಪ!"

ಅರಸಿಕರ ನಡುವೆ ಬದುಕುವುದು ಕಷ್ಟ. ಆದರೂ ನಾನು ಬದುಕುತ್ತಿದ್ದೆ.

ಹೀಗಿರುವಾಗ ಬಿಂಡಿಗನವಿಲೆಯಿಂದ ಮಾವನವರು ಹೇಳಿಕಳಿಸಿದರು. ನನ್ನ ನಾದಿನಿ ಸಾವಿತ್ರಿಯನ್ನು ನೋಡಲು ಪಾಂಡವಪುರದ ಗಂಡಿನ ಕಡೆಯವರು ಬರುತ್ತಾರೆ, ಎರಡು ದಿನ ಮುಂಚೆಯೇ ಬನ್ನಿ ಅಂತ. ಅದಕ್ಕೂ ಹಿಂದೆ ಎರಡು ಸಂಬಂಧ ಕೈತಪ್ಪಿದ್ದವು. ಈ ಹುಡುಗನನ್ನು ಸಾವಿತ್ರಿ ಯಾರದೋ ಮದುವೆಯಲ್ಲಿ ನೋಡಿ ಮೆಚ್ಚಿಕೊಂಡಿದ್ದಳು. ನಾವು ಹೋದ ದಿನವೇ ಬಾಗಿಲ ಮರೆಯಲ್ಲಿ ನಿಂತು ನನಗೆ ಹೇಳಿದಳು.

"ಭಾವ, ಇದೊಂದು ಕೆಟ್ಟೋಗ್ದಂಗೆ ನೋಡ್ಕಳಿ."

"ನಾನಿದ್ದೀನಲ್ಲಮ್ಮ!" ಅಂದೆ. ಅನಾಹುತ ಶುರುವಾದದ್ದೇ ಅಲ್ಲಿ.

ನಾನು ಮೈಕ್ ಸೆಟ್ ಸಮೇತ ಹೋಗಿದ್ದೆ. ಹೆಣ್ಣು ನೋಡುವ ದಿನ ಬೆಳಿಗ್ಗೆ ಮನೆಯ ಮುಂದಿನ ತೆಂಗಿನ ಮರಕ್ಕೆ ಮೈಕಿನ ಹಾರ್ನ್ ಕಟ್ಟಿಸಿದೆ.

"ಎಣ್ಣು ನೋಡಕ್ಕೆ ಬರೋರ್ಗೆ ಮೈಕ್ ಯಾಕೆ ಅಳಿಯಂದ್ರೆ?" ಮಾವ ಕೇಳಿದರು.

"ಬಸ್ಸಿಳಿದ ಕೂಡಲೇ ಹಾಡು ಕೇಳಿಸಬೇಕು ಮಾವ. ಅದರ ಜಾಡು ಹಿಡಿದು ನೆಟ್ಟಗೆ ಮನೆಗೇ ಬರ್ತಾರೆ."

ಓಲಗದ ಕ್ಯಾಸೆಟ್ಟು ಎಲ್ಲರೂ ಹಾಕುತ್ತಾರೆ. ಈ ಮನೆಯ ಹಿರಿಯ ಅಳಿಯ ಎಂಥವನು ಅನ್ನುವುದು ಬೀಗರಿಗೆ ತಿಳಿಯಬೇಡವೇ? ಕೋಳಿಯಮ್ಮನ ಕ್ಯಾಸೆಟ್ಟು ಹಾಕಿ, ಕೊಠಡಿಯಲ್ಲಿ ಆಂಪ್ಲಿಫೈಯರ್ ಪಕ್ಕ ಕೂತು, ಕಣ್ಣು ಮುಚ್ಚಿಕೊಂಡೆ.

ಮೈಕಿನ ಕಸುಬಿನವನಾಗಿ ನನಗೆ ಗೊತ್ತಿರಬೇಕಾಗಿದ್ದ ಒಂದು ಮಾತಿದೆ. ಹಾರ್ನ್ ತಾಳವನ್ನು ನುಂಗಿಬಿಡುತ್ತದೆ. ದೂರಕ್ಕೆ ಹೋಗುವುದು ಗಂಟಲು ಮಾತ್ರ. ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರಿಗೆ ಕೇಳಿಸಿದ್ದು ಟಕ್ಕು ಟಕ್ಕೂ ಅಲ್ಲ, ಫ್ರೆಂಚೂ ಅಲ್ಲ. ಆಚಾರ್ ಮನೆಯ ಕಡೆಯಿಂದ ಒಂದು ಹೆಣ್ಣು ರಾಗವಾಗಿ ಗೋಳಾಡುವುದು! ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಸುಮ್ಮನೆ ಅಳುವುದಿಲ್ಲ. ಗುಣಗಾನ ಮಾಡುತ್ತಾ, ಹಾಡಿಕೊಂಡು ಅಳುತ್ತಾರೆ. ಆ ಮನೆಯಲ್ಲಿ ಮಾವನವರ ತಾಯಿ, ತೊಂಬತ್ತರ ಆಸುಪಾಸಿನ ಅಜ್ಜಿ, ಜ್ವರದಲ್ಲಿ ಮಲಗಿ ಒಂದು ವಾರವಾಗಿತ್ತು. ಊರಿಗೆ ಇನ್ನೇನು ಬೇಕು?

ಕುಡುಗೋಲು ಬಿಸಾಕಿ ಹೆಂಗಸರು ಓಡಿಬಂದರು. ಎಲ್ಲರಿಗಿಂತ ಮುಂದೆ ತಾಯಮ್ಮ. ಸುತ್ತಲ ಹಳ್ಳಿಗಳ ಯಾವ ಸಾವಿನಲ್ಲೂ ಮೊದಲ ಸೊಲ್ಲು ಆಕೆಯದೇ. ಜಗುಲಿಯ ಕೆಳಗೆ ಕುಸಿದು ಶುರು ಮಾಡಿಯೇಬಿಟ್ಟಳು.

"ಅಯ್ಯೋ ನಮ್ಮವ್ವಾ! ಏಳು ಮಕ್ಕಳ ಸಾಕಿದೋಳೇ! ಬಂದೋರ್ಗೆಲ್ಲ ಮುದ್ದೆ ಇಕ್ಕಿದೋಳೇ!"

ಹಾರ್ನಿನಿಂದ ಫ್ರೆಂಚಮ್ಮ ಬಿಕ್ಕಿದಳು. ತಾಯಮ್ಮ ಅದಕ್ಕೆ ಉತ್ತರ ಕೊಟ್ಟಳು. ಫ್ರೆಂಚಮ್ಮ ಮೇಲಕ್ಕೆ ಹೋದಳು. ತಾಯಮ್ಮ ಇನ್ನೂ ಮೇಲಕ್ಕೆ ಹೋದಳು! ಅಂಥ ಜುಗಲ್‌ಬಂದಿ ಪ್ಯಾರಿಸ್ಸಿನಲ್ಲೂ ನಡೆದಿರಲಾರದು.

ನಾನು ಕಿಟಕಿಯಿಂದ ಬಗ್ಗಿ ನೋಡಿದೆ. ಅಂಗಳದ ತುಂಬ ಜನ, ಎಲ್ಲರ ಕಣ್ಣಲ್ಲೂ ನೀರು. ಹೃದಯ ತುಂಬಿಬಂತು. ಕಲೆಗೆ ಭಾಷೆಯ ಹಂಗಿಲ್ಲ ಎಂದುಕೊಂಡು ವಾಲ್ಯೂಮ್ ಇನ್ನಷ್ಟು ಹೆಚ್ಚಿಸಿದೆ!

ಮಾವನವರು ಹಿತ್ತಿಲಲ್ಲಿ ಮುಖಕ್ಕೆಲ್ಲ ಸೋಪು ಹಚ್ಚಿಕೊಂಡು ಕ್ಷೌರಕ್ಕೆ ಕೂತಿದ್ದರು. ರತ್ನ ಸಾವಿತ್ರಿಗೆ ಜಡೆ ಹಾಕುತ್ತಿದ್ದಳು. ಗಲಾಟೆಯೆಲ್ಲ ನನ್ನ ಕ್ಯಾಸೆಟ್ಟಿನದೇ ಅಂತ ಇಬ್ಬರೂ ಹಲ್ಲು ಕಚ್ಚಿಕೊಂಡಿದ್ದರಂತೆ. ಅಷ್ಟರಲ್ಲಿ ಹೂವಿನ ಹಾರ ಬಂತು. ಯಾರೋ ಪುಣ್ಯಾತ್ಮ ಚಟ್ಟಕ್ಕೆ ಬಿದಿರೂ ತಂದ.

ಆಗ ಅಜ್ಜಿ ಈಚೆ ಬಂತು. ಜ್ವರ ಹಿಂದಿನ ದಿನವೇ ಬಿಟ್ಟಿತ್ತು. ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ.

"ಯಾರವ್ವಾ ಓಗ್ಬುಟ್ಟೋರು?"

ತಾಯಮ್ಮ ತಲೆ ಎತ್ತದೆ ಹೇಳಿದಳು. "ಈ ಮನೆ ದೊಡ್ಡವ್ವ ಕಣವ್ವ! ನಿಂಗೊತ್ತಿಲ್ವಾ?"

ಆಮೇಲೆ ತಲೆ ಎತ್ತಿದಳು. ಆಕೆ ಕೂಗಿದ ಕೂಗಿಗೆ ಅರ್ಧ ಅಂಗಳ ಖಾಲಿಯಾಯಿತು!

ಹಾರ ತಂದಿದ್ದ ಸಿದ್ದೇಗೌಡರು ಕೈಯಲ್ಲಿದ್ದುದನ್ನು ಏನು ಮಾಡಬೇಕೋ ತಿಳಿಯದೆ ಅಜ್ಜಿಯ ಕೊರಳಿಗೇ ಹಾಕಿಬಿಟ್ಟರು. ಆಮೇಲೆ, ಆ ಕೂಗಿಗೆ ಹೊರಗೋಡಿ ಬಂದಿದ್ದ ನನ್ನ ಕಡೆ ತಿರುಗಿದರು.

"ಅಂಗಾರೆ ಎಡವಟ್ಟಾಯ್ತಲ್ಲ ಅಳಿಯಂದ್ರೆ! ಪಾಂಡವಪುರದೋರು ಬಸ್ಸಿಳಿದ್ರು. ಮನೇಲಿ ಸಾವಾಗದೆ, ಇವತ್ತು ಸುಭಕಾರ್ಯ ಆಗಲ್ಲ ಅಂತ ನಾನೇ ಯೋಳ್ಬುಟ್ಟೆ. ನಾಗಮಂಗಲದ ಬಸ್ಸಿಗೆ ಕಾಯ್ತಾವ್ರೆ."

ಬಾಗಿಲಲ್ಲಿ ನಿಂತಿದ್ದ ಸಾವಿತ್ರಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಅಲ್ಲಿಯವರೆಗೆ ಏನಾದರೊಂದು ಸಮಜಾಯಿಷಿ ಹುಡುಕುತ್ತಿದ್ದ ನಾನು ಅದನ್ನು ಅಲ್ಲಿಗೇ ಕೈಬಿಟ್ಟೆ. ಆ ಹುಡುಗಿ ನನ್ನನ್ನು ನಂಬಿದ್ದಳು.

"ಈಗೇನ್ರೀ ಮಾಡ್ತೀರಾ?" ಅಂದಳು ರತ್ನ.

ಅಜ್ಜಿ ಬದುಕಿದೆ ಅಂದರೆ ಅವರು ನಂಬಬೇಕಲ್ಲ? ಸಾಕ್ಷಿ ಬೇಕು. ಸಾಕ್ಷಿ ಒಂದೇ ಇತ್ತು. ಅದನ್ನು ಎತ್ತಿ ಮಾವನವರ ಲೂನಾ ಮೊಪೆಡ್ಡಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೆ!

"ಬಿಗಿಯಾಗಿ ಹಿಡ್ಕೊ ಅಜ್ಜಿ!"

"ಒಂದ್ಸಲ ಸತ್ತಾಯ್ತಲ್ಲ, ಇನ್ನೇನು ಎದ್ರಿಕೆ? ಓಡುಸ್ಲಾ!"

ನಾವು ತಲುಪುವಾಗ ಬಸ್ಸು ಹೊರಟಿತ್ತು. ಅಡ್ಡ ಹೋಗಿ ನಿಲ್ಲಿಸಿದೆ. ಡ್ರೈವರ್ ಬೈಯಲು ಬಾಯಿ ತೆಗೆದವನು ಹಾರ ಹಾಕಿಕೊಂಡ ಅಜ್ಜಿಯನ್ನು ನೋಡಿ ಎಂಜಿನ್ ಆಫ್ ಮಾಡಿದ. ಹುಡುಗನ ತಂದೆ ಕಿಟಕಿಯಿಂದ ತಲೆ ಹಾಕಿದರು.

"ಇವ್ರು ಯಾರು?"

ಏದುಸಿರಿನಲ್ಲಿ ನನ್ನ ಬಾಯಿಂದ ಬಂದದ್ದು ಒಂದೇ ಮಾತು. "ಸತ್ತೋರು ಸ್ವಾಮಿ!"

ಅಜ್ಜಿ ನನ್ನನ್ನು ಪಕ್ಕಕ್ಕೆ ತಳ್ಳಿತು. "ಮದ್ವೆ ಗಂಡು ಯಾರ್ಲಾ? ಇಳೀಲಾ ಮಗಾ ಕೆಳೀಕೆ! ನನ್ ಮೊಮ್ಮಗಳ ನೋಡ್ದೆ ಓದ್ರೆ ಇಲ್ಲೇ, ಈಗ್ಲೇ ಸತ್ತೋಯ್ತೀನಿ ನೋಡು!"

ಕಂಡಕ್ಟರ್ ಮೊದಲು ನಕ್ಕ. ಆಮೇಲೆ ಇಡೀ ಬಸ್ಸು ನಕ್ಕಿತು. ಹುಡುಗ ನಗುತ್ತಲೇ ಇಳಿದು ಅಜ್ಜಿಯ ಕಾಲಿಗೆ ಬಿದ್ದ. ಮಗ ಇಳಿದ ಮೇಲೆ ತಂದೆ ತಾಯಿ ಇಳಿಯದೆ ಏನು ಮಾಡುತ್ತಾರೆ?

ಮನೆಗೆ ಬಂದರೆ ಅವಸರದಲ್ಲಿ ಆಫ್ ಮಾಡದೆ ಬಿಟ್ಟಿದ್ದ ಕ್ಯಾಸೆಟ್ಟು ಇನ್ನೂ ಅಳುತ್ತಲೇ ಇತ್ತು. ತಾಯಮ್ಮ ಹಾರ್ನಿನ ಕೆಳಗೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದಳು. "ಯಾವೂರೋಳಪ್ಪಾ ಈಯಮ್ಮ? ಚೆಂದಾಗಿ ಅಳ್ತಾವ್ಳೆ. ನಡುನಡುವೆ ನಗ್ತಾಳಲ್ಲ, ಅದೊಂದು ಬುಡ್ಬೇಕು ಅಷ್ಟೆ" ಅಂದಳು. ಫ್ರೆಂಚ್ ಸಂಗೀತದ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಇದು.

ಸಾವಿತ್ರಿ ಊದಿದ ಕಣ್ಣಿನಲ್ಲೇ ಕಾಫಿ ತಂದಳು. ಹುಡುಗ ಅವಳನ್ನು ನೋಡಿ ನಕ್ಕ, ಅವಳಿಗೂ ನಗು ಬಂತು. ಸಂಬಂಧ ಅಲ್ಲೇ ಕುದುರಿತು! ನನಗಾದ ಸಂತೋಷಕ್ಕೆ ಲೆಕ್ಕವೇ ಇಲ್ಲ. ಮಾವನವರು ಕೈಮುಗಿದು, "ನಿಮ್ ಕಡೆಯಿಂದ ಏನಾದ್ರೂ ಕೇಳೋದಿದ್ರೆ ಯೋಳ್ಬುಡಿ" ಅಂದರು.

ಬೀಗರು ಗಂಟಲು ಸರಿಮಾಡಿಕೊಂಡರು. "ನಮಗೆ ವರದಕ್ಷಿಣೆ ಗಿರದಕ್ಷಿಣೆ ಏನೂ ಬ್ಯಾಡಿ. ಒಂದೇ ಒಂದು ಸರತ್ತು. ಮದ್ವೆಗೆ ನಿಮ್ ದೊಡ್ಡಳಿಯಂದ್ರು ಮೈಕ್ ಮುಟ್ಬಾರ್ದು."

ಎಲ್ಲರೂ ಒಕ್ಕೊರಲಿನಿಂದ ಒಪ್ಪಿದರು. ಮೊದಲು ಒಪ್ಪಿದವಳು ರತ್ನ!

ಮದುವೆ ನಾಗಮಂಗಲದ ಛತ್ರದಲ್ಲಿ ಬಹಳ ಚೆನ್ನಾಗಿ ನಡೆಯಿತು. ಹಿರಿಯ ಅಳಿಯ ಸುಮ್ಮನೆ ಕೂರಬಾರದೆಂದು ನನಗೂ ಒಂದು ಜವಾಬ್ದಾರಿ ವಹಿಸಿದ್ದರು. ಬಾಗಿಲಲ್ಲಿ ಚಪ್ಪಲಿ ಕಾಯುವುದು. ಬಹಳ ಎಚ್ಚರಿಕೆಯಿಂದ ಕಾದೆ. ಅಷ್ಟು ಜನ ಬಂದರೂ ಕಳೆದುಹೋದದ್ದು ಒಂದೇ ಒಂದು ಜೊತೆ.

ಅದು ನನ್ನದು.