ಕಂಪ್ಯೂಟರಿನಲ್ಲಿ ಕಳೆದುಹೋದ ಕೆರೆ

ಊರಿನ ಕೆರೆಯನ್ನು ಉಳಿಸುವ ಮಹತ್ಕಾರ್ಯವನ್ನು ನಾನು ವಹಿಸಿಕೊಂಡೆ. ಯಾರೂ ನನಗೆ ವಹಿಸಿರಲಿಲ್ಲ. ಆದರೂ ಪ್ರೌಢಶಾಲೆಯ ವಿಜ್ಞಾನ ಮಾಸ್ತರನಾದ ಮೇಲೆ ಊರಿಗಾಗಿ ಇಷ್ಟಾದರೂ ಮಾಡದಿದ್ದರೆ ಹೇಗೆ!

ನವಲಗುಂದದಿಂದ ಅಣ್ಣಿಗೇರಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ನಮ್ಮೂರು. ಎಲ್ಲಿ ನೋಡಿದರೂ ಎರೆಮಣ್ಣು, ಎಲ್ಲಿ ಬೋರ್ ಕೊರೆದರೂ ಸವಳು ನೀರು. ಆ ನೀರಿನಲ್ಲಿ ಬೇಳೆ ಕೂಡ ಬೇಯುವುದಿಲ್ಲ. ಕುಡಿಯಲು ಇರುವುದು ಕೆರೆಯೊಂದೇ. ಕಾಲುವೆಗೆ ನೀರು ಬಿಟ್ಟಾಗ ತುಂಬಿಸಿಕೊಂಡರೆ ಮುಂದಿನ ಸಲ ಬಿಡುವವರೆಗೂ ಅದೇ ಗತಿ. ಅದಕ್ಕೇ ಕೆರೆಯ ದಂಡೆಗೆ ನಮ್ಮವರು ಯಾರೂ ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ.

ಹೀಗಿರುವಾಗ ಊರ ಪಕ್ಕದಲ್ಲೇ ದೊಡ್ಡ ರಸ್ತೆಯ ಕೆಲಸ ಶುರುವಾಯಿತು. ಗುತ್ತಿಗೆದಾರರ ಕಡೆಯ ಮ್ಯಾನೇಜರ್ ಪಂಚಾಯಿತಿಗೆ ಬಂದು, ಕೆರೆಯಿಂದ ದಿನಾ ಟ್ಯಾಂಕರ್ ತುಂಬಿಸಿಕೊಳ್ಳಲು ಪರವಾನಗಿ ಕೇಳಿದರು. ಬದಲಿಗೆ ಊರೊಳಗಿನ ದಾರಿಗೂ ಡಾಂಬರು ಹಾಕಿಕೊಡುವ ಮಾತು. ಊರಿಗೆ ಡಾಂಬರಿನ ಆಸೆ ಹತ್ತಿತು. ನನ್ನ ಹೆಂಡತಿ ಶಾಂತಾಳಿಗೆ ಭಯ ಹತ್ತಿತು.

"ಕೆರಿ ಬತ್ತಿದ್ರ ಡಾಂಬರ ಕುಡಿಯೂಣೇನ್ರಿ? ಹಿಂದಕ ಒಮ್ಮೆ ಬತ್ತಿದಾಗ ಕೊಡ ಹೊತ್ತು ಹೊತ್ತು ನನ್ನ ಸೊಂಟ ಹ್ವಾದದ್ದು ಇನ್ನೂ ನೆಟ್ಟಗಾಗಿಲ್ಲ. ಗ್ರಾಮಸಭಾದಾಗ ನೀವರ ಬಾಯಿ ಬಿಟ್ಟು ಹೇಳ್ರಿ."

"ಹೇಳೂದಲ್ಲ ಶಾಂತಾ. ತೋರಸ್ತೀನಿ!" ಎಂದೆ.

ತೋರಿಸಲು ನನ್ನ ಬಳಿ ಸರಕಿತ್ತು. ನಮ್ಮೂರಲ್ಲಿ ಕೆರೆಯ ನೀರನ್ನು ಯಾರೂ ಅಡಿ ಲೆಕ್ಕದಲ್ಲಿ ಹೇಳುವುದಿಲ್ಲ. 'ಎಷ್ಟು ಪಾವಟಿಗೆ ಕಂಡಿವೆ' ಅನ್ನುತ್ತಾರೆ. ಅಂದರೆ ನೀರಿನಿಂದ ಹೊರಬಿದ್ದ ಮೆಟ್ಟಿಲುಗಳ ಲೆಕ್ಕ. ಪಾವಟಿಗೆ ಹೆಚ್ಚು ಕಂಡಷ್ಟೂ ನೀರು ಕಡಿಮೆ. ಕೆರೆ ತುಂಬಿದಾಗಿನಿಂದ ನಾನು ಭಾನುವಾರಕ್ಕೊಮ್ಮೆ ಬರಿಗಾಲಲ್ಲಿ ಹೋಗಿ ಎಣಿಸಿ, ಬಂದ ಲೆಕ್ಕವನ್ನು ಹಾಗೆಯೇ ಲ್ಯಾಪ್‌ಟಾಪಿಗೆ ತುಂಬುತ್ತಿದ್ದೆ. ಗ್ರಾಫ್ ಬಿಡಿಸಲು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಒಂದು ಮುಕ್ತ ತಂತ್ರಾಂಶವನ್ನೂ ಹಾಕಿಕೊಂಡಿದ್ದೆ. ಜಗತ್ತಿನ ಮಹಾಮಹಾ ವಿಜ್ಞಾನಿಗಳು ಬಳಸುವಂಥದ್ದು. ಈಗ ಅವರ ಸಾಲಿಗೆ ನಾನೂ ಸೇರಿದೆ.

ಸಭೆಗೆ ಎರಡು ದಿನ ಮುಂಚೆ ಶಾಲೆಯ ಪ್ರೊಜೆಕ್ಟರಿಗೆ ಲ್ಯಾಪ್‌ಟಾಪ್ ಜೋಡಿಸಿ ತಾಲೀಮು ಮಾಡಿದೆ. ಗ್ರಾಫಿನ ಕಿಟಕಿಯನ್ನು, ಅಂದರೆ ವಿಂಡೋವನ್ನು, ಲ್ಯಾಪ್‌ಟಾಪಿನ ಪರದೆಯಿಂದ ಆಚೆ ಎಳೆದು ಗೋಡೆಯ ಮೇಲಿನ ಬೆಳಕಿನಲ್ಲಿ ಕೂರಿಸಿದೆ. ಆಹಾ! ಗೋಡೆಯ ತುಂಬಾ ನಮ್ಮ ಕೆರೆ. ಎಲ್ಲವನ್ನೂ ಬಂದ್ ಮಾಡಿ, ಪ್ರೊಜೆಕ್ಟರನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಬಂದೆ.

ಮರುದಿನ ಶಾಂತಾಳಿಗೆ ತೋರಿಸೋಣವೆಂದು ಲ್ಯಾಪ್‌ಟಾಪ್ ತೆರೆದು ಆಜ್ಞೆ ಕೊಟ್ಟೆ. ಏನೂ ಬರಲಿಲ್ಲ.

"ಕೆರಿ ಎಲ್ಲೈತ್ರಿ?"

"ಬರ್ತೈತಿ, ತಡಿ."

ಬರಲಿಲ್ಲ. ತಂತ್ರಾಂಶ ದೋಷವಿದೆ ಅನ್ನಲಿಲ್ಲ, ಬೈಯಲಿಲ್ಲ, ಬಿಡಿಸಿದ್ದೇನೆ ನೋಡಪ್ಪಾ ಎಂಬಂತೆ ಸುಮ್ಮನೆ ಕೂತಿತು. ಪರದೆಯ ಕೆಳಗಿನ ಪಟ್ಟಿಯಲ್ಲಿ ಮಾತ್ರ ಅದರ ಗುರುತು ಮಿಣಮಿಣ ಅನ್ನುತ್ತಿತ್ತು. ಮೌಸಿನ ಬಾಣವನ್ನು ಅದರ ಮೇಲೆ ಒಯ್ದರೆ ಅಡಿಕೆ ಗಾತ್ರದ ಒಂದು ಚಿತ್ರ ಮೂಡುತ್ತಿತ್ತು. ಅದರೊಳಗೆ ನಮ್ಮ ಗ್ರಾಫ್! ಒತ್ತಿದರೆ ಮಾಯ. ಇದೆ, ಆದರೆ ಕಾಣುವುದಿಲ್ಲ. ಈ ತತ್ತ್ವವನ್ನು ಮಠದ ಪ್ರವಚನದಲ್ಲಿ ಕೇಳಿದ್ದೆ, ಲ್ಯಾಪ್‌ಟಾಪಿನಲ್ಲಿ ಕಂಡದ್ದು ಅದೇ ಮೊದಲು.

ಸೂಕ್ತ ಕ್ರಮ ಜರುಗಿಸಲು ಆರಂಭಿಸಿದೆ. ಬಂದ್ ಮಾಡಿ ಚಾಲೂ ಮಾಡಿದೆ. ತಂತ್ರಾಂಶವನ್ನು ಕಿತ್ತು ಹಾಕಿ, ಮಾಳಿಗೆ ಹತ್ತಿ ಮೊಬೈಲಿನ ನೆಟ್ ಹಿಡಿದು ಮತ್ತೆ ಇಳಿಸಿಕೊಂಡೆ. ಹೊಸದೂ ಹಳೆಯದರಂತೆಯೇ ಕೂತಿತು. ಕೊನೆಗೆ ಸಿಟ್ಟಿಗೆದ್ದು ಸಿಕ್ಕ ಸಿಕ್ಕ ಗುಂಡಿಗಳನ್ನೆಲ್ಲ ಕೂಡಿಸಿ ಒತ್ತಿದೆ. ಇಡೀ ಪರದೆಯೇ ತಲೆಕೆಳಗಾಯಿತು!

ಶಾಂತಾ ಚಹಾ ತಂದಾಗ ನಾನು ಲ್ಯಾಪ್‌ಟಾಪನ್ನು ತಲೆಕೆಳಗಾಗಿ ಹಿಡಿದು ಕತ್ತು ಸೊಟ್ಟ ಮಾಡಿ ಕೂತಿದ್ದೆ.

"ಏನ್ ಮಾಡಾಕತ್ತೀರಿ?"

"ಸಂಶೋಧನೆ."

"ಒಂದು ದೊಡ್ಡ ಹಾಳಿ ತಗೊಂಡು ಕೈಲೆ ಬರೀರಲಾ. ಗೆರಿ ಒಂದs ಅಲ್ಲೇನು ಅದು?"

"ಕೈಲೆ ಬರದ್ರ ಅದು ವೈಜ್ಞಾನಿಕ ಆಗೂದಿಲ್ಲ ಶಾಂತಾ. ಸಾಹೇಬ್ರು ಬರೋರದಾರ. ಮಾಸ್ತರ್ ಚಿತ್ರಾ ತಗದಾನ ಅಂತಾರ."

ಅವಳು ಚಹಾ ಇಟ್ಟು ಹೋದಳು. ಆ ಹಾಳೆ, ಆ ಒಂದು ಗೆರೆ, ಈಗಲೂ ನನ್ನ ಎದೆಯಲ್ಲಿ ಮುಳ್ಳಾಗಿ ನಿಂತಿದೆ.

ಹೇಗೋ ಪರದೆಯನ್ನು ನೆಟ್ಟಗೆ ಮಾಡಿಕೊಂಡು, ತಂತ್ರಾಂಶ ಬರೆದವರಿಗೇ ದೂರು ಕೊಡುವುದೆಂದು ನಿರ್ಧರಿಸಿದೆ. ಅವರದೊಂದು ಚರ್ಚೆಯ ತಾಣವಿತ್ತು. ಅಲ್ಲಿನವರು ಎರಡು ಸಾಲಲ್ಲಿ ಕೇಳುತ್ತಾರೆ, ಎರಡು ಸಾಲಲ್ಲಿ ಹೇಳುತ್ತಾರೆ. ನನಗೆ ಬರೆಯಲು ಬರುತ್ತಿದ್ದದ್ದು ತಹಶೀಲ್ದಾರರಿಗೆ ಕೊಡುವ ಅರ್ಜಿಯೊಂದೇ. 'ಮಾನ್ಯರೆ' ಎಂಬುದಕ್ಕೆ ಸರಿಯಾದ ಇಂಗ್ಲಿಷ್ ಹುಡುಕಿ, ನಮ್ಮ ತಾಲೂಕು, ಎರೆಮಣ್ಣು, ಸವಳು ನೀರು, ಕೆರೆಯ ಇತಿಹಾಸ, ಶಾಂತಾಳ ಸೊಂಟ, ಎಲ್ಲವನ್ನೂ ಸವಿಸ್ತಾರವಾಗಿ ನಿವೇದಿಸಿ, ಕಟ್ಟಕಡೆಯ ಸಾಲಿನಲ್ಲಿ 'ಕಿಟಕಿ ಕಾಣುತ್ತಿಲ್ಲ, ದಯಮಾಡಿ ಕಾಣುವಂತೆ ಮಾಡಬೇಕಾಗಿ ವಿನಂತಿ' ಎಂದು ಮುಗಿಸಿದೆ.

ಯಾವ ದೇಶದವನೋ ಪುಣ್ಯಾತ್ಮ ಪೂರ್ತಿ ಓದಿದ್ದ. ಒಂದೇ ಪ್ರಶ್ನೆ ಕೇಳಿದ: ನಿನ್ನ ಬಳಿ ಎರಡನೆಯ ಪರದೆ ಇದೆಯೇ?

ನನಗೆ ಅವಮಾನವಾಯಿತು. ಕುಡಿಯುವ ನೀರಿನ ಮಾತಾಡುವಾಗ ಇವನು ನನ್ನ ಆಸ್ತಿ ಕೇಳುತ್ತಿದ್ದಾನೆ! 'ಇಲ್ಲ. ನಮ್ಮದು ಒಂದೇ ಪರದೆಯ ಬಡ ಮನೆ' ಎಂದು ಗಂಭೀರವಾಗಿ ಉತ್ತರಿಸಿದೆ. ಪ್ರೊಜೆಕ್ಟರ್ ನೆನಪಿಗೇ ಬರಲಿಲ್ಲ. ಅದು ಶಾಲೆಯದು. ಮೇಲಾಗಿ ಗೋಡೆಯನ್ನು ಪರದೆ ಅಂತ ಯಾರಾದರೂ ಅಂದಾರೆಯೇ? ಅವನು ಮತ್ತೆ ಬರೆಯಲಿಲ್ಲ.

ಸಭೆಯ ದಿನ ಬೆಳಿಗ್ಗೆ ಪ್ರೊಜೆಕ್ಟರನ್ನು ಶಾಲೆಗೆ ಮರಳಿಸಿದೆ. ಲ್ಯಾಪ್‌ಟಾಪಿನಲ್ಲೇ ಕಾಣದ್ದು ಗೋಡೆಯ ಮೇಲೆ ಹೇಗೆ ಕಂಡೀತು? ಅಷ್ಟು ತರ್ಕ ನನಗೂ ಗೊತ್ತಿತ್ತು.

ಪಂಚಾಯಿತಿಯ ಮುಂದೆ ಪೆಂಡಾಲು ಹಾಕಿದ್ದರು. ತಾಲೂಕಿನ ಸಾಹೇಬರು ಬಂದರು, ಮ್ಯಾನೇಜರ್ ಬಂದರು, ಊರೂ ಬಂತು. ಹೆಂಗಸರ ಸಾಲಿನ ಮುಂದೆಯೇ ಶಾಂತಾ ಕೂತಿದ್ದಳು. ನಾನು ಎದ್ದು, ಅಡಿಕೆ ಗಾತ್ರದ್ದಾದರೂ ಸರಿ, ಎಲ್ಲರೂ ಒಬ್ಬೊಬ್ಬರಾಗಿ ಬಂದು ನೋಡಬೇಕೆಂದು ಸಭೆಗೆ ಕರೆ ಕೊಟ್ಟೆ.

ಮೊದಲು ಬಂದವರು ಊರ ಹಿರಿಯ ಬಸಪ್ಪಜ್ಜ. "ಕೆರಿ ಐತೇನೋ ಇದರಾಗ?" ಎಂದು ಕೇಳಿ ಚಪ್ಪಲಿ ಕಳಚಿದರು. ಹಿಂದಿದ್ದವರೂ ಕಳಚಿದರು. ಸಾಹೇಬರು ಅತ್ತಿತ್ತ ನೋಡಿ ಬೂಟು ಕಳಚಿದರು! ನಾನು ಬೆರಳಿನಿಂದ ಬಾಣವನ್ನು ಹಿಡಿದು ನಿಂತೆ. ಬೆರಳು ಜಾರಿದರೆ ಕೆರೆ ಮಾಯ, ಸಾಲು ತಡ. ಒಬ್ಬೊಬ್ಬರೂ ಬಗ್ಗಿ ಕಣ್ಣು ಕಿರಿದು ಮಾಡಿ ನೋಡಿದರು. ಕೆಲವರು ಕೈ ಮುಗಿದರು. ಜನ ವಿಜ್ಞಾನಕ್ಕೆ ಇಷ್ಟು ಗೌರವ ಕೊಡುವುದನ್ನು ಕಂಡು ನನಗೆ ಕಣ್ಣು ತುಂಬಿ ಬಂತು.

ಎಲ್ಲರೂ ಕೂತ ಮೇಲೆ ಬಸಪ್ಪಜ್ಜ ನಿರ್ಣಯ ಕೊಟ್ಟರು.

"ಗೆರಿ ಮ್ಯಾಲ ಹೊಂಟೈತಿ. ನಾ ಕಣ್ಣಾರೆ ನೋಡೀನಿ. ನೀರ ಏರಾಕತ್ತೈತ್ರಪಾ!"

ನಾನು ತುಂಬಿದ್ದು ಪಾವಟಿಗೆಯ ಲೆಕ್ಕ. ಪಾವಟಿಗೆ ಕಂಡಂತೆಲ್ಲ ಗೆರೆ ಮೇಲೇರಿತ್ತು. ಕೆಳಗೆ 'ಕಂಡ ಪಾವಟಿಗೆ' ಎಂದು ಬರೆದದ್ದು ಆ ಅಡಿಕೆಯಲ್ಲಿ ಇರುವೆಗೂ ಕಾಣುತ್ತಿರಲಿಲ್ಲ.

"ಇಲ್ರಿ ಅಜ್ಜಾರ, ಗೆರಿ ಏರಿದ್ರ ನೀರು ಇಳಿದಂಗ!" ಎಂದು ಕೂಗಿದೆ.

"ಏರೂದಂದ್ರ ಇಳಿಯೂದಾ? ಮಾಸ್ತರ, ಸಾಲ್ಯಾಗ ಹುಡುಗ್ರಿಗೂ ಹಿಂಗs ಹೇಳ್ತೀರೇನ್ರಿ?"

ಸಭೆ ನಕ್ಕಿತು. ಮ್ಯಾನೇಜರ್ ನಗಲಿಲ್ಲ. ಎದ್ದು ನಿಂತು, ವೈಜ್ಞಾನಿಕ ಮಾಹಿತಿ ಒದಗಿಸಿದ ಮಾಸ್ತರರಿಗೆ ಧನ್ಯವಾದ ಹೇಳಿದರು. ಪರವಾನಗಿ ಮಂಜೂರಾಯಿತು. ಊರ ಹಿತಕ್ಕಾಗಿ ದುಡಿದದ್ದಕ್ಕೆ ನನಗೊಂದು ಶಾಲು ಹೊದಿಸಿದರು! ಹೆಂಗಸರ ಸಾಲಿನಲ್ಲಿ ಶಾಂತಾ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಗುತ್ತಿದ್ದಾಳೆಂದು ಒಂದು ಗಳಿಗೆ ಅಂದುಕೊಂಡೆ. ಅಲ್ಲ, ಅಳುತ್ತಿದ್ದಳು.

ವಾರ ಕಳೆಯಿತು. ಟ್ಯಾಂಕರುಗಳು ಓಡಾಡುತ್ತಿದ್ದವು. ಒಂದು ದಿನ ಪಾಠಕ್ಕೆಂದು ಶಾಲೆಯಲ್ಲಿ ಪ್ರೊಜೆಕ್ಟರ್ ಜೋಡಿಸಿ ಅದೇ ತಂತ್ರಾಂಶ ತೆರೆದೆ. ಗ್ರಾಫ್ ಸೀದಾ ಗೋಡೆಯ ಮೇಲೆ ಬಂದು ನಿಂತಿತು! ತಾಲೀಮಿನ ದಿನ ನಾನು ಕೂರಿಸಿದ ಜಾಗವನ್ನೇ ಅದು ನೆನಪಿಟ್ಟುಕೊಂಡು, ಪ್ರೊಜೆಕ್ಟರ್ ಜೋಡಿಸದಿದ್ದಾಗಲೂ ಪ್ರತಿ ಸಲ ಇಲ್ಲದ ಗೋಡೆಯ ಮೇಲೆ ಹೋಗಿ ಕೂರುತ್ತಿತ್ತು. ಆ ಪುಣ್ಯಾತ್ಮ ಕೇಳಿದ ಎರಡನೆಯ ಪರದೆ ಈ ಗೋಡೆಯೇ! ಆಜ್ಞೆಯನ್ನು ಅಕ್ಷರಶಃ ಪಾಲಿಸಿದ ಶಿಷ್ಯ ನನಗೆ ನೌಕರಿಯಲ್ಲಿ ಸಿಕ್ಕಿದ್ದು ಅದೊಂದೇ. ಕೆಳಗಿನ ಅಕ್ಷರಗಳು ಹಿಂದಿನ ಬೆಂಚಿಗೂ ಕಾಣುವಂತಿದ್ದವು.

ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ನೋಡಿದರು. "ಅಗದಿ ಛಲೋ ಬಂದೈತಲ್ರಿ! ಸಭಾದಾಗ ಇದನ್ನs ತೋರಿಸಿದ್ರ ಆಗ್ತಿತ್ತಲ್ಲ?"

"ಹೌದ್ರಿ ಸರ," ಎಂದೆ.

ಬೇಸಿಗೆ ಪೂರ್ತಿ ಬರುವ ಮೊದಲೇ ಕೆರೆಯ ಕೊನೆಯ ಪಾವಟಿಗೆ ಕಂಡಿತು. ಅದರ ಕೆಳಗೆ ಕೆಸರು. ಈಗ ಓಣಿಗೆ ಕುಡಿಯುವ ನೀರಿನ ಟ್ಯಾಂಕರ್ ಬರುವ ಹೊತ್ತಿಗೆ ಶಾಂತಾ ಕೊಡವನ್ನು ನನ್ನ ಕೈಗೆ ಕೊಡುತ್ತಾಳೆ, ಸೊಂಟ ಹಿಡಿದುಕೊಂಡು ಹೊಸ್ತಿಲಲ್ಲಿ ಕೂರುತ್ತಾಳೆ. ಡಾಂಬರು ಮಾತ್ರ ಬಂದಿದೆ. ಬಿಸಿಲಿಗೆ ಕಾಲು ಸುಡುತ್ತದೆ.

ನಿನ್ನೆ ನೀರಿನ ಪಾಳಿಯಲ್ಲಿ ನನ್ನ ಹಿಂದೆ ನಿಂತ ನಮ್ಮ ಓಣಿಯ ಗಿರಿಜವ್ವ ಮರ್ಯಾದೆಯಿಂದಲೇ ಕೇಳಿದಳು.

"ಮಾಸ್ತರ, ನಿಮ್ಮ ಕಂಪ್ಯೂಟರ್ ನೆಟ್ಟಗಾತೇನ್ರಿ?"

"ಆತವಾ. ಈಗ ಎಲ್ಲಾ ಕಾಣಸ್ತೈತಿ."

"ಹಂಗಾರ ನೋಡಿ ಹೇಳ್ರಿ, ಇವತ್ತ ನೀರು ನನ್ನ ಕೊಡದ ಮಟಾ ಬರ್ತೈತೇನು?"

ತಿರುಗಿ ನೋಡಿದೆ. ಪಾಳಿ ಓಣಿಯ ತುದಿಯವರೆಗಿತ್ತು. ಟ್ಯಾಂಕರಿನ ಪೈಪು ಆಗಲೇ ಕೆಮ್ಮುತ್ತಿತ್ತು. ವಿಜ್ಞಾನ ಮಾಸ್ತರನಾಗಿ ಏನಾದರೂ ಹೇಳಬೇಕಿತ್ತು. ನನ್ನ ಜಾಗವನ್ನು ಅವಳಿಗೆ ಬಿಟ್ಟುಕೊಟ್ಟು, ಕೊಡ ಎತ್ತಿಕೊಂಡು ಅವಳ ಹಿಂದೆ ಹೋಗಿ ನಿಂತೆ.